ಕವಲಜ್ಜನ ಮರಿಗಾಲದ ಬಿಸಿಲು

“ಇದೂ ಒಂದು ಬಿಸಿಲೇನು? ನಾನು ಮರಿಯಾಗಿದ್ದಾಗ ಬಿದ್ದ ಬಿಸಿಲಿಗೆ ಈ ಕಾಡಿನ ಬಂಡೆಗಳೆಲ್ಲ ಬೆವತವು. ಆ ಬೆವರೇ ಹರಿದು ಹಳ್ಳ ಆಯ್ತು. ನಿಮ್ಮ ಅಪ್ಪ ಅಮ್ಮ ನೀರು ಕುಡಿದದ್ದು ಅದೇ ಹಳ್ಳದಲ್ಲಿ.”

ಕಾಡಿನ ನಡುವೆ, ಬಸರಿ ಮರದ ಬುಡದಲ್ಲಿ ಮಲಗಿ ಹೀಗೆ ಹೇಳಿದವನು ಕವಲಜ್ಜ. ಜಿಂಕೆಗಳ ಹಿಂಡಿಗೆ ಅವನೇ ಹಿರಿಯ. ಅವನ ಕೊಂಬುಗಳು ಒಣಮರದ ಹಾಗೆ ಕವಲೊಡೆದಿದ್ದವು. ಆ ಹಳೆಯ ಬಿಸಿಲನ್ನು ಅವನ ಜೊತೆ ಕಂಡವರು ಯಾರೂ ಈಗ ಉಳಿದಿರಲಿಲ್ಲ. ಹಾಗಾಗಿ ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಬೇಸಿಗೆಯಿಂದ ಬೇಸಿಗೆಗೆ ಅದು ಇನ್ನೂ ಸ್ವಲ್ಪ ಹೆಚ್ಚು ನಿಜವಾಗುತ್ತಿತ್ತು.

ಆ ವರ್ಷ ಮಳೆರಾಯ ಕಾಡಿನ ದಾರಿಯನ್ನೇ ಮರೆತಿದ್ದ. ಹಳ್ಳ ಬತ್ತಿ, ಬಸರಿ ಮರದ ಕೆಳಗೆ ಒಂದು ಗುಂಡಿ ನೀರು ಮಾತ್ರ ಉಳಿದಿತ್ತು. ಹುಲ್ಲು ಬೇರಿನ ತನಕ ಸುಟ್ಟುಹೋಗಿತ್ತು. ಆಕಾಶದಲ್ಲಿ ಹದ್ದೊಂದು ಹಾರಿದರೆ ಸಾಕು, ನೆಲದ ಮೇಲೆ ಅದರ ನೆರಳು ಹಿಡಿಯಲು ಇರುವೆಗಳು ಸಾಲುಗಟ್ಟಿ ಓಡುತ್ತಿದ್ದವು. ನಂಬದವರು ಆ ಇರುವೆಗಳನ್ನೇ ಕೇಳಿಕೊಳ್ಳಲಿ.

ಜಿಂಕೆಗಳದ್ದು ಒಂದು ಪದ್ಧತಿ ಇದೆ. ಮರಿ ಹುಟ್ಟಿದ ಹೊಸದರಲ್ಲಿ ತಾಯಿ ಅದನ್ನು ಎತ್ತರದ ಹುಲ್ಲಿನಲ್ಲಿ ಮಲಗಿಸಿ, “ಅಲ್ಲಾಡಬೇಡ” ಎಂದು ಹೇಳಿ, ದೂರ ಮೇಯಲು ಹೋಗುತ್ತಾಳೆ. ಎಳೆ ಮರಿಗೆ ಮೈವಾಸನೆ ಇಲ್ಲ. ತಾಯಿಗೆ ಇದೆ. ತಾಯಿ ದೂರ ಇದ್ದಷ್ಟೂ ಮರಿ ಕ್ಷೇಮ. ಸಂಜೆ ಬಂದು ಹಾಲು ಕುಡಿಸಿದರಾಯಿತು. ಒಳ್ಳೆಯ ಪದ್ಧತಿಯೇ. ಈ ವರ್ಷ ಅದಕ್ಕೆ ಇದ್ದ ಕೊರತೆ ಒಂದೇ. ಹುಲ್ಲಿರಲಿಲ್ಲ.

ಆದರೂ ತಾಯಂದಿರು ಹುಲ್ಲಿದ್ದ ಜಾಗದಲ್ಲೇ ಮರಿಗಳನ್ನು ಮಲಗಿಸಿ ಹೋಗುತ್ತಿದ್ದರು. ಮರಿಗಳೂ ಹೇಳಿದ ಮಾತು ಕೇಳುವ ಮರಿಗಳು. ಕಾದ ಹೆಂಚಿನಂಥ ಬಯಲಿನಲ್ಲಿ, ನಾಲ್ಕು ದಿಕ್ಕಿಗೂ ಕಾಣುವ ಹಾಗೆ, ಅಲ್ಲಾಡದೆ ಅಡಗಿ ಮಲಗಿರುತ್ತಿದ್ದವು.

ಬಸರಿ ಮರದ ನೆರಳು ಹಿಂಡಿನ ಮರಿಗಳಿಗೆಲ್ಲ ಸಾಲುವಷ್ಟಿತ್ತು. ಕವಲಜ್ಜ ಅದರ ನಡುವೆ ಕಾಲು ಚಾಚಿ ಮಲಗುತ್ತಿದ್ದ. ಉಳಿದವರು ಬಂದು, ನೀರು ಕುಡಿದು, ಒಂದು ಕಥೆ ಕೇಳಿ, ಬಿಸಿಲಿಗೆ ಮರಳಬೇಕಿತ್ತು. ಸ್ವಲ್ಪ ದೂರದಲ್ಲಿ ನರಿಯೊಂದು ದಿನವೂ ಬಂದು ಕೂತು ಕಥೆ ಕೇಳುತ್ತಿತ್ತು. ಅಷ್ಟು ಶ್ರದ್ಧೆಯಿಂದ ಕೇಳುವವರು ಹಿಂಡಿನಲ್ಲೂ ಇರಲಿಲ್ಲ. ಕಥೆ ಮುಗಿದ ಮೇಲೆ ಅದು ಹುಲ್ಲಿದ್ದ ಜಾಗದ ಕಡೆ ಒಂದು ಸುತ್ತು ಹಾಕಿ ಬರುತ್ತಿತ್ತು.

ಹಿಂಡಿನಲ್ಲಿ ಸಣ್ಣಿ ಎಂಬ ಎಳೆ ಪ್ರಾಯದ ಜಿಂಕೆ ಇದ್ದಳು. ಅವಳಿಗೆ ಚೊಚ್ಚಲ ಮರಿ. ಬಸಿರಿನಲ್ಲಿ ಅವಳಿಗೆ ಸಿಕ್ಕಿದ್ದು ಒಣ ತೊಗಟೆ ಮಾತ್ರ, ಹಾಗಾಗಿ ಮರಿ ಹುಟ್ಟುವಾಗಲೇ ಬಡಕಲಾಗಿತ್ತು. ಒಂದು ಸಂಜೆ ಅವಳು ಮೇದು ಬಂದಾಗ ಮರಿ ತಲೆ ಎತ್ತಲಿಲ್ಲ. ಮೂಗು ಮುಟ್ಟಿ ನೋಡಿದಳು. ಒಣಗಿ ಬಿರುಕು ಬಿಟ್ಟಿತ್ತು.

ಮರುದಿನ ಅವಳು ಮೇಯಲು ಹೋಗಲಿಲ್ಲ. ತನ್ನ ನೆರಳು ಮರಿಯ ಮೇಲೆ ಬೀಳುವ ಹಾಗೆ ಅಲ್ಲೇ ನಿಂತಳು. ಸೂರ್ಯ ಸರಿದಂತೆ ತಾನೂ ಸರಿದಳು. ಮರಿಗೆ ಸ್ವಲ್ಪ ಹಾಯೆನಿಸಿತು. ಆದರೆ ಸಂಜೆ ಅದು ಕೆಚ್ಚಲಿಗೆ ಬಾಯಿ ಹಾಕಿದರೆ ಹಾಲಿಲ್ಲ. ಬರಿದೇ ಚೀಪಿ ಚೀಪಿ ಸುಸ್ತಾಗಿ ಮಲಗಿತು.

ನಿಂತರೆ ಹಾಲಿಲ್ಲ. ಹೋದರೆ ನೆರಳಿಲ್ಲ. ಸಣ್ಣಿ ಬೆಳಗಾಗುವವರೆಗೂ ಇದನ್ನೇ ಯೋಚಿಸಿದಳು. ಬಿಸಿಲು ಏರಿದಾಗ ಮರಿಯನ್ನು ಮೂಗಿನಿಂದ ತಳ್ಳುತ್ತಾ, ಬಿದ್ದಾಗೆಲ್ಲ ಎಬ್ಬಿಸುತ್ತಾ ಬಸರಿ ಮರದ ಹತ್ತಿರ ಕರೆತಂದಳು. ನೆರಳಿನ ಅಂಚಿನಲ್ಲಿ ಮರಿ ಕುಸಿಯಿತು. ತಲೆ ನೆರಳಿನಲ್ಲಿ, ಮೈಯೆಲ್ಲ ಬಿಸಿಲಿನಲ್ಲಿ.

ನೀರಿಗೆ ಬಂದಿದ್ದ ಹಿಂಡು ತಿರುಗಿ ನೋಡಿತು. ಕವಲಜ್ಜ ತಲೆ ಎತ್ತಿದ.

“ಏ ಸಣ್ಣಿ, ಹಾಡುಹಗಲಲ್ಲಿ ಮರಿ ಹೊರಗೆ ತರೋದುಂಟೇನೆ?”

“ಒಳಗೆ ಅನ್ನೋದು ಎಲ್ಲಿದೆ ಅಜ್ಜ? ಹುಲ್ಲೇ ಇಲ್ಲ.”

“ಹುಲ್ಲಿಲ್ಲದಿದ್ರೇನು, ಜಾಗ ಇದೆಯಲ್ಲ. ಹಿರೀಕರು ತೋರಿಸಿದ ಜಾಗ.”

“ಇಲ್ಲೊಂದು ಮೂಲೆ ಕೊಡು, ಸಾಕು. ಇವನು ನೆರಳಲ್ಲಿ ಮಲಗಿರ್ತಾನೆ. ನಾನು ಇಲ್ಲೇ ಆಚೀಚೆ ಉದುರಿದ ಎಲೆ ಮೇಯ್ತೀನಿ.”

ಒಂದು ಮರಿ ಬಂದರೆ ಹಿಂದೆ ಹಿಂಡಿನ ಮರಿಗಳೆಲ್ಲ ಬರುತ್ತವೆ ಎಂದು ಕವಲಜ್ಜನಿಗೆ ಗೊತ್ತಿತ್ತು. ಆಮೇಲೆ ಕಾಲು ಚಾಚುವುದು ಎಲ್ಲಿ?

“ನೆರಳಲ್ಲಿ ಬೆಳೆದದ್ದು ಒಂದು ಮರಿಯೇನೆ, ಕೂಸೇ? ನನ್ನ ಕಾಲದಲ್ಲಿ ನೆರಳಿಗೇ ನೆರಳು ಸಿಕ್ತಿರಲಿಲ್ಲ. ಮಧ್ಯಾಹ್ನ ಆದ್ರೆ ನನ್ನ ನೆರಳೇ ಬಿಸಿಲು ತಾಳಲಾರದೆ ನನ್ನ ಹೊಟ್ಟೆ ಕೆಳಗೆ ನುಗ್ಗಿ ಅವಿತುಕೊಳ್ತಿತ್ತು. ಅದನ್ನ ಕಾಪಾಡಿದ್ದು ನಾನು.”

ಹಿಂಡು ಎಂದಿನಂತೆ ತಲೆ ಆಡಿಸಿತು. ದುಂಡಕ್ಕ ಮಾತ್ರ ಆಡಿಸಲಿಲ್ಲ. ಅವಳು ನಡುವಯಸ್ಸಿನವಳು. ಎಷ್ಟೇ ಬರ ಬಂದರೂ ಮೇವು ಎಲ್ಲಿ ಸಿಗುತ್ತದೆ ಎಂದು ಬಲ್ಲವಳು.

“ನನ್ನ ಮರಿಯೂ ಅಲ್ಲೇ ಬಯಲಲ್ಲಿ ಮಲಗಿತ್ತು ಅಜ್ಜ” ಎಂದಳು. “ಮೊನ್ನೆ ಹೋಯ್ತು. ಕೆಚ್ಚಲು ಇನ್ನೂ ತುಂಬ್ತಾನೇ ಇದೆ. ನೋವು ತಡೆಯೋಕಾಗಲ್ಲ.”

“ಬೇಜಾರು ಮಾಡ್ಕೋಬೇಡ ದುಂಡಿ. ನಿನ್ನ ಮರಿ ಒಳ್ಳೇದೇ. ಸ್ವಲ್ಪ ನಾಜೂಕು, ಅಷ್ಟೇ. ಈಗಿನವು ಎಲ್ಲ ಹಾಗೇ.”

“ಅಜ್ಜ ಹೇಳೋದು ಸರಿ” ಎಂದು ನರಿ ದೂರದಿಂದಲೇ ದನಿ ಸೇರಿಸಿತು. “ಬಯಲಲ್ಲಿ ಮಲಗಿದ ಮರಿಗೆ ಇರೋ ರುಚಿ...” ಗಂಟಲು ಸರಿಮಾಡಿಕೊಂಡಿತು. “ಇರೋ ಗಟ್ಟಿತನ, ಬೇರೆ ಮರಿಗಳಿಗೆ ಬರಲ್ಲ.”

ಸಣ್ಣಿ ಜಾಗ ಬಿಟ್ಟು ಕದಲಲಿಲ್ಲ.

“ಆಯ್ತು ಅಜ್ಜ. ನೀನು ಉಳಿದದ್ದು ಹೇಗೆ, ಅದನ್ನ ಹೇಳು. ನಾನೂ ಹಾಗೇ ಮಾಡ್ತೀನಿ.”

ಇಂಥದ್ದೊಂದು ಪ್ರಶ್ನೆಗಾಗಿ ಕವಲಜ್ಜ ಎಷ್ಟೋ ಬೇಸಿಗೆಗಳಿಂದ ಕಾದಿದ್ದ. ಎದ್ದು ಕೂತ.

“ಹೇಗೆ ಅಂದ್ರೆ, ನಮ್ಮವ್ವ ಅಂಥವಳು. ನನ್ನ ಮೇಲೆ ಕಾಲಗಲಿಸಿ ನಿಂತಳು ನೋಡು, ಮಳೆ ಬೀಳೋವರೆಗೂ ಒಂದು ಹೆಜ್ಜೆ ಕದಲಲಿಲ್ಲ. ಹಕ್ಕಿಗಳು ಅವಳ ಬೆನ್ನ ಮೇಲೆ ಗೂಡು ಕಟ್ಟಿದವು. ಮೊಟ್ಟೆ ಇಟ್ಟವು. ಮರಿ ಮಾಡ್ಕೊಂಡು ಹಾರಿಹೋದವು. ಅವಳು ಮಾತ್ರ ಅಲ್ಲೇ. ಅಂಥ ತಾಯಂದಿರು ಈಗೆಲ್ಲಿದ್ದಾರೆ?”

“ಹಾಗಾದ್ರೆ ನಿನಗೆ ನೆರಳಿತ್ತು.”

“ಅದು ನೆರಳಲ್ಲ. ಅದು ಅವ್ವ.”

“ಮೇಯೋಕೂ ಹೋಗಲಿಲ್ವಾ ಅವಳು?”

“ಒಂದು ದಿನವೂ ಇಲ್ಲ.”

“ನಾನು ನಿನ್ನೆ ಒಂದೇ ದಿನ ಹಾಗೆ ನಿಂತೆ. ಸಂಜೆಗೆ ಹಾಲೇ ಇಲ್ಲ. ನಿನಗೆ ಹಾಲು ಎಲ್ಲಿಂದ ಬಂತು ಅಜ್ಜ?”

“ಹಾಲಿಗೇನು ಬರ? ಹಿಂಡಿನ ಹೆಣ್ಣುಗಳೆಲ್ಲ ಒಬ್ಬರಾದ ಮೇಲೆ ಒಬ್ಬರು ಬಂದು ಕುಡಿಸಿದ್ದೇ ಕುಡಿಸಿದ್ದು. ಹೊಟ್ಟೆ ತುಂಬಿ ನಾನು ಮುಖ ತಿರುಗಿಸಿದ್ರೂ ಬಿಡ್ತಿರಲಿಲ್ಲ.”

“ಅವರ ಮರಿಗಳಿಗೆ?”

“ಅವರಿಗೆಲ್ಲಿತ್ತು ಮರಿ? ಆ ವರ್ಷ ಹಿಂಡಲ್ಲಿ ಮರಿ ಅಂತ ಇದ್ದವನು ನಾನೊಬ್ಬನೇ” ಎಂದು ಕವಲಜ್ಜ ಎದೆ ಉಬ್ಬಿಸಿದ.

ಈ ಸಲ ಯಾರೂ ತಲೆ ಆಡಿಸಲಿಲ್ಲ. ದುಂಡಕ್ಕ ಒಂದು ಹೆಜ್ಜೆ ಮುಂದೆ ಬಂದಳು.

“ಮರಿ ಹೆರದೆ ಹಾಲು ಬರುತ್ತಾ ಅಜ್ಜ?”

ಕವಲಜ್ಜ ಕೊಂಬನ್ನು ಮರದ ಬುಡಕ್ಕೆ ಉಜ್ಜತೊಡಗಿದ. ದುಂಡಕ್ಕ ಬಿಡಲಿಲ್ಲ.

“ಅಷ್ಟೊಂದು ಜನಕ್ಕೆ ಹಾಲಿತ್ತು ಅಂದ್ರೆ ಅಷ್ಟೊಂದು ಮರಿ ಹುಟ್ಟಿದ್ವು. ಅವೆಲ್ಲ ಎಲ್ಲಿ ಹೋದವು?”

ಕವಲಜ್ಜ ನೀರಿನ ಗುಂಡಿ ನೋಡಿದ. ಮರದ ಕೊಂಬೆ ನೋಡಿದ. ದುಂಡಕ್ಕ ಉತ್ತರಕ್ಕೆ ಕಾಯಲಿಲ್ಲ. ಸಣ್ಣಿಯೂ ಅವಳೂ ಸೇರಿ ಮರಿಯನ್ನು ನೆರಳಿನ ನಡುವಿಗೆ ತಳ್ಳಿದರು. ದುಂಡಕ್ಕ ಅದರ ಬಾಯಿಯ ಹತ್ತಿರ ಕೆಚ್ಚಲು ತಂದು ನಿಂತಳು. ಮರಿ ಮೊದಲು ಸುಮ್ಮನಿತ್ತು. ಆಮೇಲೆ ಚಪ್ಪರಿಸುವ ಸದ್ದು ಕೇಳಿತು. ಅದರ ಬಾಲ ಒಮ್ಮೆ ಅಲ್ಲಾಡಿತು.

ಅದನ್ನು ಕಂಡದ್ದೇ ಉಳಿದ ತಾಯಂದಿರು ಬಯಲಿನ ಕಡೆ ಓಡಿದರು. ಅವರು ಮರಿಗಳನ್ನು ಎಬ್ಬಿಸಿಕೊಂಡು ಬರುವುದನ್ನು ನೋಡಿ ನರಿ ಮೈ ಕೊಡವಿ ಎದ್ದಿತು. “ಯಾಕಪ್ಪ, ಕಥೆ ಮುಗಿದಿಲ್ಲ” ಎಂದ ಕವಲಜ್ಜ. “ನನ್ನ ಪಾಲಿಗೆ ಮುಗೀತು ಅಜ್ಜ” ಎಂದು ನರಿ ಹೊರಟುಹೋಯಿತು.

ಒಂದೊಂದೇ ಮರಿ ನೆರಳಿಗೆ ಬಂದು ಬಿದ್ದುಕೊಂಡಿತು. ಕವಲಜ್ಜ ಮೊದಲು ಹಿಂಗಾಲು ಮಡಿಚಿದ. ಆಮೇಲೆ ಮುಂಗಾಲು. ಆಮೇಲೆ ಎದ್ದು ನಿಲ್ಲಬೇಕಾಯಿತು. ಕೊನೆಗೆ ಅವನ ತಲೆಗೆ ಮಾತ್ರ ನೆರಳು ಸಿಕ್ಕಿತು. ಬೆನ್ನು ಬಿಸಿಲಿಗೆ ಚುರುಗುಟ್ಟುತ್ತಿತ್ತು.

“ಹೇಳು ಅಜ್ಜ” ಎಂದಳು ಸಣ್ಣಿ, ಮರಿಯ ನೆತ್ತಿ ನೆಕ್ಕುತ್ತಾ. “ಅವೆಲ್ಲ ಎಲ್ಲಿ ಹೋದವು?”

“ನನಗೇನು ಗೊತ್ತು? ನಾನಾಗ ಮರಿ” ಎಂದು ಕವಲಜ್ಜ ಭುಜ ಹಾರಿಸಿದ.

ನೀತಿ: ಕಷ್ಟ ದಾಟಿ ಬಂದವನು ಆ ಕಷ್ಟ ದೊಡ್ಡದಲ್ಲ ಎಂದರೆ, ನಂಬುವ ಮೊದಲು ಅವನ ಜೊತೆಗಿದ್ದವರು ಏನಾದರು ಎಂದು ಕೇಳಬೇಕು.