ಮಚವೆಯ ಹೆಂಚು, ದೋಣಿಯ ಓಟ

ನದಿ ಕಡಲು ಸೇರುವ ಅಳಿವೆಯಲ್ಲಿ, ಬಂದರಿಗೆ ಮರಳುತ್ತಿದ್ದ ಎರಡು ಹಡಗುಗಳು ಜೊತೆಯಾದವು. ಒಂದು ಹೆಂಚು ತುಂಬಿದ ದೊಡ್ಡ ಮಚವೆ, ಇನ್ನೊಂದು ಬರಿದಾದ ಪುಟ್ಟ ಹಾಯಿದೋಣಿ.

“ಅಕ್ಕ, ಇಷ್ಟು ದೊಡ್ಡ ಹೊಟ್ಟೆ ಹೊತ್ತು ಇವತ್ತೇ ತಲುಪುತ್ತೀಯಾ, ಹಬ್ಬ ಕಳೆದ ಮೇಲೋ?” ಎಂದಿತು ದೋಣಿ.

“ತಲುಪಿದ ಮೇಲೆ ಇಳಿಸಲು ನನ್ನ ಬಳಿ ಏನಾದರೂ ಇರುತ್ತದೆ, ತಂಗಿ. ನೀನು ಓಡಿ ಹೋಗಿ ಯಾರಿಗೆ ಏನು ಕೊಡುತ್ತೀಯ?” ಎಂದಿತು ಮಚವೆ.

ಅವುಗಳ ನಾವಿಕರೂ ಇದನ್ನೇ ಕೂಗಾಡುತ್ತಿದ್ದರು. ಉಬ್ಬರಕ್ಕೆ ಕಾಯಬೇಕಾಗಿದ್ದ ಮಚವೆ ಹಟಕ್ಕೆ ಬಿದ್ದು ನುಗ್ಗಿ, ಮರಳದಿಣ್ಣೆಯ ಮೇಲೆ ಕುಳಿತುಬಿಟ್ಟಿತು. ಅಲೆ ಬಡಿದು ಹಲಗೆಗಳು ಬಿರಿಯತೊಡಗಿದವು. ನಗಲೆಂದು ದೋಣಿ ತಿರುಗಿತು. ಓಟಕ್ಕಾಗಿ ಅದು, ವಾಲದಂತೆ ತಳದಲ್ಲಿಡುವ ಭಾರದ ಕಲ್ಲುಗಳನ್ನೂ ಎಸೆದು ಬಂದಿತ್ತು. ಗಾಳಿ ಒಮ್ಮೆ ಬೀಸಿದ್ದೇ ವಾಲಿ ನೀರು ಕುಡಿಯಿತು.

“ಅಯ್ಯೋ ಅಕ್ಕ, ಮಗುಚುತ್ತೇನೆ!”

“ಬಾಯಿ ಮುಚ್ಚಿಕೊಂಡು ನನ್ನ ಮಗ್ಗುಲಿಗೆ ಬಾ. ಒಂದಿಷ್ಟು ಹೆಂಚು ಹೊತ್ತುಕೋ.”

ನಾವಿಕರು ಕೈಯಿಂದ ಕೈಗೆ ಹೆಂಚು ದಾಟಿಸಿದರು. ದೋಣಿ ನೆಟ್ಟಗಾಯಿತು, ಮಚವೆ ಮರಳು ಬಿಟ್ಟು ತೇಲಿತು. ಎರಡೂ ಒಟ್ಟಿಗೆ ಬಂದರು ಸೇರಿದವು.

“ನಾನು ಹೊರದಿದ್ದರೆ ನೀನು ಇವತ್ತು ಒಲೆಯ ಸೌದೆ,” ಎಂದಿತು ದೋಣಿ.

“ನಾನು ಹೊರಿಸದಿದ್ದರೆ ನೀನು ಮೀನುಗಳ ಮನೆ,” ಎಂದಿತು ಮಚವೆ.

ಎರಡೂ ಮಾತು ನಿಜವಾದ್ದರಿಂದ ಜಗಳ ಮುಗಿಯಲೇ ಇಲ್ಲ. ಆದರೆ ಮುಂದಿನ ಸಲ ಅಳಿವೆ ಹತ್ತಿರವಾದಾಗ ದೋಣಿ ತಾನಾಗಿಯೇ ಮಚವೆಯ ಮಗ್ಗುಲಿಗೆ ಬಂದು ನಿಂತು, “ಬೇಗ ಹೊರಿಸು, ನನಗೆ ಹೊತ್ತಾಯಿತು,” ಎಂದು ಗದರಿತು.