ನಡೆಯುತ್ತ ಮಗ್ಗಿ ಒಪ್ಪಿಸಿದ ಗಾಣಿಗರ ಗೂಳಪ್ಪ

ಹಿಂದಕ್ಕೆ, ಈಗಿನ ರಸ್ತೆಗಳೆಲ್ಲ ಇನ್ನೂ ಕಾಲುಹಾದಿಗಳಾಗಿದ್ದ ಹೊತ್ತಿನಲ್ಲಿ, ಎಕ್ಕೆಹಾಳ ಅಂತ ಒಂದು ಊರು. ಆ ಊರಲ್ಲಿ ಗಾಣಿಗರ ಈರಬಸಪ್ಪ, ಅವನ ಮಗ ಗೂಳಪ್ಪ. ಮೀಸೆ ಚಿಗುರಿದ ಹುಡುಗ, ಹೋರಿಯಂಥ ಮೈ. ಆದರೂ ಊರ ಮೇಷ್ಟ್ರಾದ ಐಗಳ ಮಠದಲ್ಲಿ ಹಾಲುಹಲ್ಲಿನ ಕೂಸುಗಳ ಸಾಲಿನಲ್ಲಿ ಕೂತು ಮರಳ ಮೇಲೆ ಅಕ್ಷರ ತಿದ್ದುತ್ತಿದ್ದನಂತೆ. ಅವನ ಬೆನ್ನ ಮರೆಯಲ್ಲಿ ಎರಡು ಕೂಸುಗಳು ಆರಾಮಾಗಿ ನಿದ್ದೆ ಹೊಡೆಯುತ್ತಿದ್ದವಂತೆ.

ಗೂಳಪ್ಪ ಸೋಮಾರಿ ಅಲ್ಲ. ಕೂತನೆಂದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಏಳರ ಮಗ್ಗಿ ಬಂದರೆ ಆರರದು ಹೋಗುತ್ತಿತ್ತು. ಆರರದನ್ನು ಕರೆತಂದರೆ ಏಳರದು ಎದ್ದು ಓಡುತ್ತಿತ್ತು. ಅದಕ್ಕೇ ಎಲ್ಲರೂ ಕೂಡಿ ಹೇಳುವಾಗ ಎಲ್ಲರಿಗಿಂತ ಅಗಲ ಬಾಯಿ ತೆರೆಯುತ್ತಿದ್ದ, ದನಿ ಮಾತ್ರ ಹೊರಡಿಸುತ್ತಿರಲಿಲ್ಲ. ಅವನೊಬ್ಬನನ್ನೇ ಕೇಳಿದರೆ ಕೆಮ್ಮು ಬರುತ್ತಿತ್ತು. ಆ ಕೆಮ್ಮಿಗೆ ಕಷಾಯ ಕುದಿಸಿ ಕುದಿಸಿ ಐಗಳ ಮನೆಯ ಶುಂಠಿಯೇ ತೀರಿಹೋಯಿತಂತೆ.

ಕೊನೆಗೆ ಅಡವಯ್ಯ ಐಗಳು ಸಿಟ್ಟಿಗೆದ್ದು ಕೋದಂಡ ಹಾಕಿದರು. ತೊಲೆಗೆ ಹಗ್ಗ ಕಟ್ಟಿ ಹುಡುಗನನ್ನು ಜೋತುಬಿಡುವುದು, ಅದು ಆ ಕಾಲದ ಮಠಗಳ ಶಿಕ್ಷೆ. ಬೇರೆ ಹುಡುಗರಾಗಿದ್ದರೆ ಯವ್ವಾ ಯಪ್ಪಾ ಅನ್ನುತ್ತಿದ್ದರು. ಗೂಳಪ್ಪ ಅತ್ತ ತೂಗಿದ, ಇತ್ತ ತೂಗಿದ. ತೂಗಿದ ಹಾಗೆ ಬಾಯಿಂದ ಆರರ ಮಗ್ಗಿ ಉದುರಿತು, ಅದರ ಬೆನ್ನಿಗೆ ಏಳರದು, ಎಂಟರದು. ಇಳಿಸಿ ಕೂರಿಸಿದರೆ ಮಗ್ಗಿ ಮಾಯ. ಮತ್ತೆ ತೂಗಿಬಿಟ್ಟರೆ ಮಗ್ಗಿ ಹಾಜರು.

ಮರುದಿನ ಗೂಳಪ್ಪ ಬರುತ್ತಲೇ ಕೈ ಎತ್ತಿ ನಿಂತ. "ಐಗಳೇ, ಕೋದಂಡ ಹಾಕ್ರಿ." ಅವನ ಹಿಂದೆ ಕೂಸುಗಳೆಲ್ಲ ಕೈ ಎತ್ತಿ ಸಾಲು ನಿಂತವಂತೆ.

"ಇದು ಮಠ ಏನ್ರಲೇ, ಪಂಚಮಿ ಜೋಕಾಲಿ ಏನು?" ಅಂತ ಐಗಳು ಹಣೆ ಬಡಿದುಕೊಂಡು, ಹಗ್ಗ ಬಿಚ್ಚಿ ಬಾವಿಯ ಕೊಡಕ್ಕೆ ಕಟ್ಟಿದರು.

ಈರಬಸಪ್ಪನಿಗೆ ತಾಳ್ಮೆ ಮುಗಿದಿತ್ತು. ಮಹಾನವಮಿಗೆ ಮಠದ ಮಕ್ಕಳನ್ನು ಊರ ಹಿರಿಯರ ಮುಂದೆ ಮಣೆಯ ಮೇಲೆ ಕೂರಿಸಿ ಪಾಠ ಒಪ್ಪಿಸಿಕೊಳ್ಳುವ ಪದ್ಧತಿ. ಆವತ್ತು ಹದಿಮೂರರ ತನಕ ಮಗ್ಗಿ ಹೇಳಿದರೆ ಓದು, ಇಲ್ಲವಾದರೆ ಗಾಣದ ಎತ್ತಿನ ಹಿಂದೆ ಸುತ್ತು ಅಂತ ಮಗನಿಗೆ ಹೇಳಿಬಿಟ್ಟ. ನಡೆಯುವುದಕ್ಕೆ ಗೂಳಪ್ಪನದೇನೂ ತಕರಾರಿಲ್ಲ. ಆದರೆ ದಿನವಿಡೀ ನಡೆದು ಸಂಜೆಗೆ ಹೊರಟ ಜಾಗದಲ್ಲೇ ನಿಲ್ಲುವುದು ಎಂಥ ನಡಿಗೆ? ಒಂದು ಸಲವಾದರೂ ಕೂಸುಗಳ ಸಾಲು ಬಿಟ್ಟು ತನ್ನ ವಾರಿಗೆಯವರ ಪಕ್ಕ ಸೇರಬೇಕು ಅಂತ ಅವನ ಜೀವ ಒದ್ದಾಡುತ್ತಿತ್ತಂತೆ.

ನವಮಿ ಬಂತು. ಗೂಳಪ್ಪ ಮಣೆಯ ಮೇಲೆ ಕೂತ. ಎದುರಿಗೆ ಊರ ಒಡೆಯರಾದ ದೇಸಾಯರು, ಅಕ್ಕಪಕ್ಕ ಹಿರಿಯರು. ಮಗ್ಗಿಯೂ ಬರಲಿಲ್ಲ, ಕೆಮ್ಮೂ ಬರಲಿಲ್ಲ. ಆಮೇಲೆ ಅವನ ಬಲಗಾಲು ತಾನೇ ಅಲ್ಲಾಡಿತಂತೆ, ಎಡಗಾಲು ಅದನ್ನು ಹಿಂಬಾಲಿಸಿತಂತೆ. ಎದ್ದವನೇ ಬಾಗಿಲು ದಾಟಿ ನಡೆದೇಬಿಟ್ಟ.

"ಓಡಿಹೋದಾ!" ಅಂದರು ಹಿರಿಯರು.

"ಓಡಿಲ್ರೀ, ಒಪ್ಪಸಾಕ ಹತ್ಯಾನ. ಕೇಳೋದಿದ್ರ ಬರ್ರಿ!" ಅಂತ ಐಗಳು ಪಂಚೆ ಎತ್ತಿ ಕಟ್ಟಿದರು.

ಗೂಳಪ್ಪ ಮುಂದೆ, ಊರು ಹಿಂದೆ. ಊರ ಅಗಸೆಬಾಗಿಲು ದಾಟುವಾಗ ಐದರ ಮಗ್ಗಿ, ಎಳ್ಳಿನ ಹೊಲದಲ್ಲಿ ಒಂಬತ್ತರದು. ದೇಸಾಯರ ಒಂದು ಕೆರವು ಕೆಸರಿನಲ್ಲಿ ಉಳಿಯಿತು, ಇನ್ನೊಂದನ್ನು ಅವರೇ ಸಿಟ್ಟಿನಿಂದ ಎಸೆದರು. ಹಳ್ಳಕ್ಕೆ ಇಳಿದಾಗ ಹದಿಮೂರರದು ನಡೆದಿತ್ತು. ಹದಿಮೂರೇಳ್ಲ ತೊಂಬತ್ತೊಂದು ಅಂದ. ಹದಿಮೂರೆಂಟ್ಲ ಅಂದ. ನಿಂತ.

ಮೊಣಕಾಲುದ್ದ ನೀರಿನಲ್ಲಿ ಊರೆಲ್ಲ ನಿಂತಿತು. ಮೀನುಗಳು ಹಿರಿಯರ ಕಾಲು ಕಚ್ಚತೊಡಗಿದವು. "ಏ ದಡ್ಡ..." ಅಂತ ದೇಸಾಯರು ಬಾಯಿ ತೆರೆದರು. ಅಷ್ಟರಲ್ಲಿ ಈರಬಸಪ್ಪ ಹಿಂದಿನಿಂದ ಬಂದು, ಯಾರು ಏನು ಅನ್ನುವುದೇ ಮರೆತು, ದೇಸಾಯರ ಬಾಯಿಯನ್ನು ಅಂಗೈಯಿಂದ ಗಪ್ಪನೆ ಮುಚ್ಚಿದ.

"ಸುಮ್ಕಿರ್ರೀ. ಬರ್ತೈತಿ. ನನ್ನ ಮಗಗ ಬರ್ತೈತಿ."

ಗೂಳಪ್ಪ ತಿರುಗಿ ಅಪ್ಪನನ್ನು ನೋಡಿದನಂತೆ. ಆಮೇಲೆ ಒಂದು ಹೆಜ್ಜೆ ಎತ್ತಿದ.

"ನೂರಾ ನಾಕು!"

ಈರಬಸಪ್ಪ ಕೈ ತೆಗೆದಾಗ ದೇಸಾಯರ ಮೀಸೆ ಕುಸುಬಿ ಎಣ್ಣೆಯಲ್ಲಿ ಫಳಫಳ ಹೊಳೆಯುತ್ತಿತ್ತಂತೆ. ಇಡೀ ಹಳ್ಳ ನಕ್ಕಿತು, ದೇಸಾಯರೂ ನಕ್ಕರು. ಉಳಿದ ಮಗ್ಗಿ ಮುಗಿಸುತ್ತ ಗೂಳಪ್ಪ ಆಚೆ ದಡ ಹತ್ತಿದ. ಆಚೆ ದಡದ ಊರಿನವರು ಮದುವೆ ದಿಬ್ಬಣ ಬಂತೆಂದು ತಿಳಿದು ಪಾನಕ ಕೊಟ್ಟು, ಮದುಮಗ ಯಾರು ಅಂತ ಕೇಳಿದರಂತೆ. ಎಲ್ಲರೂ ಗೂಳಪ್ಪನ ಕಡೆ ಬೆರಳು ಮಾಡಿದರು. ಅವನು ಎರಡು ತಂಬಿಗೆ ಕುಡಿದ.

ಗೂಳಪ್ಪ ವಾರಿಗೆಯವರ ಸಾಲಿಗೆ ಹೋದ. ಕೂರಲಿಲ್ಲ, ಗೋಡೆಯುದ್ದಕ್ಕೂ ಅಡ್ಡಾಡುತ್ತ ಕಲಿತ. ಓದು ಅವನಿಗೆ ಕಡೆತನಕ ನಿಧಾನವೇ ಆಯಿತು, ಬೆರಳಿಟ್ಟೇ ಓದುತ್ತಿದ್ದ. ಮುಂದೆ ತಾನೇ ಐಗಳಾದಾಗ, ಅಕ್ಷರ ನಿಲ್ಲದ ಮಕ್ಕಳಿಗೆ ಹಳ್ಳದ ಮರಳಲ್ಲಿ ಒಕ್ಕುವ ಕಣದಷ್ಟು ದೊಡ್ಡ ಅಕ್ಷರ ಬರೆದು, ಅದರ ಮೇಲೆ ನಡೆಸುತ್ತಿದ್ದನಂತೆ. ಅವನು ಬರೆದ ಒಂದು 'ಳ'ದೊಳಗೆ ಹೊಕ್ಕ ಕುರಿಮಂದೆ ಸಂಜೆತನಕ ಹೊರಗೆ ಬರಲಿಲ್ಲ ಅನ್ನುವವರೂ ಇದ್ದಾರೆ.

ಈಗಲೂ ನವಮಿಯ ದಿನ ಎಕ್ಕೆಹಾಳದ ಮಕ್ಕಳು ಮಗ್ಗಿ ಹೇಳುತ್ತ ಹಳ್ಳ ದಾಟುತ್ತಾರೆ, ಹಿರಿಯರು ಹಿಂದೆ ನಡೆಯುತ್ತಾರೆ. ಯಾವ ಮಗು ಮರೆತು ನಿಂತಿತೋ ಅಲ್ಲೇ ಎಲ್ಲರೂ ನಿಲ್ಲಬೇಕು, ನೀರಿರಲಿ, ಮುಳ್ಳಿರಲಿ. ಯಾರಾದರೂ ಬೈಯಲು ಬಾಯಿ ತೆರೆದರೆ ಪಕ್ಕದವನು ಮುಚ್ಚಬೇಕು. ಒಂದು ವರ್ಷ ಸಣ್ಣ ಹುಡುಗಿಯೊಬ್ಬಳು ಒಂಬತ್ತಾರ್ಲ ಅಂದು ನಿಂತವಳು ನಿಂತೇ ಇದ್ದಳಂತೆ. ನೆರಳು ಉದ್ದವಾಯಿತು, ಹಸಿವಾಯಿತು, ಮೇಯಲು ಹೋದ ದನಗಳು ಸುತ್ತು ಬಳಸಿ ಮನೆ ಸೇರಿದವು. ಎಕ್ಕೆಹಾಳದ ಜನ ಮಾತ್ರ ಕಾಲು ಕೀಳಲಿಲ್ಲವಂತೆ.