ಗಿಣಿಮರಿಯ ಮೊದಲ ಗಿರಾಕಿ

ಭವಿಷ್ಯ ಹೇಳುವ ಟ್ಯಾರೋ ಕಾರ್ಡ್ ಓದಲು ಕಲಿಯುತ್ತಿದ್ದ ಗಿಣಿಮರಿಗೆ ಮುದಿಗಿಣಿ ಪಂಜರದೊಳಗೆ ಪಾಠ ಹೇಳುತ್ತಿತ್ತು: "ಅರ್ಥ ಬಾಯಿಪಾಠ ಮಾಡಿದರೆ ಸಾಲದು. ಚಿತ್ರವನ್ನು ನೋಡು. ಅದಕ್ಕೂ ಮೊದಲು ಕೇಳುವವರ ಮುಖ ನೋಡು."

"ಅದೆಲ್ಲ ನನಗೆ ಆಗಲೇ ಬಂತಜ್ಜಾ! ಗಿರಾಕಿ ಬರಲಿ, ಆಮೇಲೆ ನೋಡು" ಎಂದು ಮರಿ ಎದೆಯುಬ್ಬಿಸಿತು.

ಅಷ್ಟರಲ್ಲಿ ಬೆಕ್ಕು ಬಂದು, ತೆರೆದಿದ್ದ ಪಂಜರದ ಬಾಗಿಲ ಮುಂದೆ ಕೂತಿತು. "ಪಂಡಿತರೇ, ಹೊರಗೆ ಬಂದು ನನಗೊಂದು ಕಾರ್ಡ್ ಎತ್ತಿಕೊಡಿ. ನಿಮ್ಮಂಥ ವಿದ್ವಾಂಸರನ್ನು ನಾನು ಕಂಡೇ ಇಲ್ಲ."

ಹೊಗಳಿಕೆಗೆ ಉಬ್ಬಿ ಮರಿ ಬಾಗಿಲವರೆಗೂ ನಡೆಯಿತು. ಮುದಿಗಿಣಿ ಗಾಬರಿಯಿಂದ ಹಿಂದೆಯೇ ಧಾವಿಸಿತು. ಮರಿ ಅಲ್ಲೇ ನಿಂತು ಬೆಕ್ಕಿನ ಮುಖ ನೋಡಿತು. ಕೊಕ್ಕಿನಿಂದ ಬಾಗಿಲು ಎಳೆದುಕೊಂಡಿತು.

"ನಿನಗೆ ಕಾರ್ಡ್ ಯಾಕಕ್ಕಾ? ಸುರಿಯೋ ಜೊಲ್ಲೇ ಎಲ್ಲ ಹೇಳ್ತಿದೆ. ಇವತ್ತು ನಿನಗೆ ಉಪವಾಸ! ಕಂಡೆಯಾ ಅಜ್ಜಾ, ನನ್ನ ಮೊದಲನೇ ಭವಿಷ್ಯವೇ ನಿಜವಾಯ್ತು!"